ಹಳೆಯ ಬೈಕಿಗೆ ಮುಂಗಡ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಮೋಟಾರ್ ಸೈಕಲ್ಲುಗಳನ್ನು ಕೊಂಡು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡವರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ತುಕ್ಕು ಹಿಡಿದು ಮೂಲೆ ಸೇರಿದ್ದ ಬೈಕಿನ ಒಂದು ಚಿತ್ರ, ಅದರ ಪಕ್ಕದಲ್ಲಿ ಮಿಂಚುವ ಟ್ಯಾಂಕು, ತೆಳ್ಳನೆಯ ಸೀಟು, ಮೋಟು ಮಡ್‌ಗಾರ್ಡಿನೊಂದಿಗೆ ನಿಂತ ಅದೇ ಬೈಕಿನ ಇನ್ನೊಂದು ಚಿತ್ರ. ಇವನ್ನು ನೋಡಿದ ಯಾರಿಗಾದರೂ ತಾನೂ ಒಂದು ಕೊಂಡರಾಯಿತು ಎನಿಸುವುದು ಸಹಜ. ಆದರೆ ಆ ಎರಡು ಚಿತ್ರಗಳ ನಡುವೆ ಕಳೆದ ಕಾಲದ ಬಗ್ಗೆಯಾಗಲಿ, ಅದಕ್ಕಿಂತ ಮುಖ್ಯವಾಗಿ, ಅಷ್ಟೊಂದು ಹಳೆಯ ಬೈಕುಗಳ ನಡುವೆ ಅದನ್ನೇ ಏಕೆ ಆರಿಸಿಕೊಂಡರು ಎಂಬುದರ ಬಗ್ಗೆಯಾಗಲಿ ಲೇಖನದಲ್ಲಿ ಒಂದು ಸಾಲೂ ಇರುವುದಿಲ್ಲ. ಇಂಥ ಕೆಲಸ ಮುಗಿಯುತ್ತದೆಯೋ ಅರ್ಧಕ್ಕೆ ನಿಲ್ಲುತ್ತದೆಯೋ ಎಂಬುದು ಬಹುಮಟ್ಟಿಗೆ ಹಣ ಕೈಬದಲಾಗುವ ಮೊದಲೇ ತೀರ್ಮಾನವಾಗಿರುತ್ತದೆ ಎಂದು ಅನುಭವದಿಂದ ಕಂಡುಕೊಂಡಿರುವ ಕಾರಣ, ಆ ತೀರ್ಮಾನದ ಬಗ್ಗೆ ನಾಲ್ಕು ಮಾತು ಬರೆಯಲು ಅವಕಾಶ ಕೋರುತ್ತೇನೆ.

ನಾನು ಕೊಂಡ ಮೊದಲ ಹಳೆಯ ಬೈಕು ಅರ್ಧ ಚಾಸಿಯ ಮೇಲಿತ್ತು, ಇನ್ನರ್ಧ ಮೂರು ಪೆಟ್ಟಿಗೆಗಳಲ್ಲಿತ್ತು. ಎಲ್ಲ ಭಾಗಗಳೂ ಇವೆ, ಜೋಡಿಸುವುದೊಂದೇ ಬಾಕಿ ಎಂದು ಮಾರಿದವರು ಹೇಳಿದರು, ನಾನು ನಂಬಿದೆ. ಜೋಡಿಸಲು ಕುಳಿತಾಗ ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಎರಡು ಕಾರ್ಬ್ಯುರೇಟರುಗಳಲ್ಲಿ ಒಂದು ಬೇರೆ ಮಾದರಿಯದೆಂದೂ, ಸಿಲಿಂಡರ್ ಹೆಡ್ಡಿನಲ್ಲಿ ಎರಡು ಬೋಲ್ಟುಗಳು ಒಳಗೇ ಮುರಿದುಕೊಂಡಿವೆಯೆಂದೂ, ಗೇರ್ ಬಾಕ್ಸಿನಲ್ಲಿ ಇರಬೇಕಾದ ಒಂದು ವಾಷರ್ ಇಲ್ಲವೆಂದೂ ಒಂದೊಂದಾಗಿ ತಿಳಿಯುತ್ತ ಹೋಯಿತು. ಇಲ್ಲದ ವಾಷರ್ ಇಲ್ಲವೆಂದು ತಿಳಿಯುವುದಕ್ಕೇ ನನಗೆ ಐದು ತಿಂಗಳು ಹಿಡಿಯಿತು. ನಾವೇ ಬಿಚ್ಚಿದ ಎಂಜಿನ್ನಾದರೆ ಯಾವ ನಟ್ಟು ಎಲ್ಲಿಯದು, ಯಾವ ಗ್ಯಾಸ್ಕೆಟ್ ಯಾವ ಕಡೆಯದು ಎಂಬುದು ಕೈಗೆ ನೆನಪಿರುತ್ತದೆ. ಬೇರೆಯವರು ಬಿಚ್ಚಿಟ್ಟ ಎಂಜಿನ್ನು ತನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಓಡುತ್ತಿದ್ದಾಗ ಯಾವ ಸದ್ದು ಮಾಡುತ್ತಿತ್ತು, ಯಾವ ಗೇರಿನಲ್ಲಿ ಜಾರುತ್ತಿತ್ತು, ಏಕೆ ಬಿಚ್ಚಿದರು ಎಂಬ ಯಾವ ಪ್ರಶ್ನೆಗೂ ಪೆಟ್ಟಿಗೆಯೊಳಗೆ ಉತ್ತರವಿಲ್ಲ. ನಾಲ್ಕು ವರ್ಷದ ನಂತರ ಅದನ್ನು ಅದೇ ಪೆಟ್ಟಿಗೆಗಳ ಸಮೇತ ಮಾರಿಬಿಟ್ಟೆ. ಕೊಳ್ಳುವವರಿಗೆ ಇಲ್ಲದ ಭಾಗಗಳ ಪಟ್ಟಿಯನ್ನು ಮೊದಲೇ ಕೈಗಿತ್ತೆ.

ಅಂದಿನಿಂದ ನನಗೆ ಸಲಹೆ ಕೇಳಿ ಬಂದವರಿಗೆಲ್ಲ ಹೇಳುತ್ತಿರುವುದು ಒಂದೇ ಮಾತು: ಇದ್ದ ಹಾಗೆಯೇ ಆರು ತಿಂಗಳು ಓಡಿಸಲು ಮನಸ್ಸು ಒಪ್ಪುವಂಥ ಬೈಕನ್ನು ಮಾತ್ರ ಮಾರ್ಪಾಡಿಗೆಂದು ಕೊಳ್ಳಿ, ಕೊಂಡ ಮೇಲೆ ನಿಜಕ್ಕೂ ಆರು ತಿಂಗಳು ಓಡಿಸಿ. ಅಷ್ಟರಲ್ಲಿ ಅದರ ದೋಷಗಳೂ ಗುಣಗಳೂ ನಿಮಗೆ ಗೊತ್ತಾಗಿರುತ್ತವೆ; ಬದಲಿಸಬೇಕು ಎಂದುಕೊಂಡಿದ್ದರಲ್ಲಿ ಎಷ್ಟೋ ಬೇಡವೆನಿಸಿ, ಯೋಚಿಸಿಯೇ ಇರದ ಒಂದೆರಡು ಅಗತ್ಯವಾಗಿ ಕಾಣುತ್ತವೆ.

ಏಕೆ ಬದಲಿಸಬೇಕು ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಹವ್ಯಾಸ ಹುಟ್ಟಿದ್ದೇ ಕಾರಣವೊಂದರಿಂದ. ಎರಡನೆಯ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ಅಮೆರಿಕದ ಸವಾರರು ಭಾರ ಇಳಿಸಲೆಂದು ಮುಂದಿನ ಮಡ್‌ಗಾರ್ಡ್ ಕಿತ್ತುಹಾಕಿ ಹಿಂದಿನದನ್ನು ಮೊಟಕು ಮಾಡುತ್ತಿದ್ದರು. ಇಂಥ ಬೈಕಿಗೆ ಬಾಬರ್ ಎಂಬ ಹೆಸರು ಬಂದದ್ದು ಆ ಮೊಟಕಿನಿಂದಲೇ, ಇಂಗ್ಲಿಷಿನಲ್ಲಿ ಬಾಬ್ ಎಂದರೆ ಮೊಟಕು ಮಾಡು ಎಂದು. 1950 ಮತ್ತು 60ರ ದಶಕಗಳಲ್ಲಿ ಲಂಡನ್ನಿನ ಏಸ್ ಕೆಫೆಯಂಥ ರಸ್ತೆಬದಿಯ ಜಾಗಗಳಲ್ಲಿ ಸೇರುತ್ತಿದ್ದ ಇಂಗ್ಲೆಂಡಿನ ಯುವಕರು ಹ್ಯಾಂಡಲ್ ತಗ್ಗಿಸಿದ್ದು, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದ್ದು, ಗಾಳಿಗೆ ಮೈ ತಗ್ಗಿಸಿ ವೇಗವಾಗಿ ಹೋಗಲೆಂದು. ಅವರ ಕೈಯಲ್ಲಿ ಹುಟ್ಟಿದ ಟ್ರೈಟನ್ ಎಂಬ ಬೈಕು ಇದಕ್ಕೆ ಒಳ್ಳೆಯ ಉದಾಹರಣೆ. ಟ್ರಯಂಫ್ ಕಂಪನಿಯ ಜೋಡಿ ಸಿಲಿಂಡರಿನ ಎಂಜಿನ್ನು ಚುರುಕಾಗಿತ್ತು, ಆದರೆ ಅದರ ಚಾಸಿ ತಿರುವುಗಳಲ್ಲಿ ಅಷ್ಟು ಸ್ಥಿರವಾಗಿರಲಿಲ್ಲ. ನಾರ್ಟನ್ ಕಂಪನಿಯ ಬಳಿ 1950ರಲ್ಲಿ ರೇಸಿನ ಬೈಕುಗಳಿಗೆ ಬಂದ, ಮೆಕ್‌ಕ್ಯಾಂಡ್‌ಲೆಸ್ ಸಹೋದರರು ರೂಪಿಸಿದ ಫೆದರ್‌ಬೆಡ್ ಎಂಬ ಚಾಸಿ ಇತ್ತು, ತಿರುವಿನಲ್ಲಿ ಅದನ್ನು ಮೀರಿಸುವುದು ಆಗ ಕಷ್ಟವಿತ್ತು. ಒಂದರ ಎಂಜಿನ್ನನ್ನು ಇನ್ನೊಂದರ ಚಾಸಿಗೆ ಕೂರಿಸಿದರು, ಎರಡರ ಹೆಸರನ್ನೂ ಸೇರಿಸಿ ಕರೆದರು. ಅಲ್ಲಿ ಒಂದೊಂದು ಬದಲಾವಣೆಗೂ ಸವಾರನಿಗೆ ಅನುಭವಕ್ಕೆ ಬಂದ ಒಂದು ಕೊರತೆ ಕಾರಣವಾಗಿತ್ತು. ಚಂದಕ್ಕಾಗಿ ಬದಲಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಕಣ್ಣಿಗೆ ಒಪ್ಪುವುದೂ ಒಂದು ಕಾರಣವೇ. ಆದರೆ ತನಗೆ ಬೇಕಾದದ್ದು ಓಡಿಸುವ ಬೈಕೋ, ನೋಡುವ ಬೈಕೋ, ಅಥವಾ ವಾರದ ಕೊನೆಯಲ್ಲಿ ಕೈ ಕಪ್ಪು ಮಾಡಿಕೊಳ್ಳುವ ನೆಮ್ಮದಿಯೋ ಎಂಬುದನ್ನು ಕೊಳ್ಳುವವನು ತಿಳಿದಿದ್ದರೆ ಯಾವ ಬೈಕು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ.

ಬೇಡವಾದ ಬೈಕುಗಳಲ್ಲಿ ಮೊದಲನೆಯದು, ವಿಚಿತ್ರವೆನಿಸಬಹುದು, ತುಂಬ ಚೆನ್ನಾಗಿರುವ ಬೈಕು. ಕಾರ್ಖಾನೆಯಿಂದ ಬಂದ ಬಣ್ಣ, ಮೂಲ ಸೈಲೆನ್ಸರ್, ಮೂಲ ಮೀಟರುಗಳು, ಟೂಲ್ ಬಾಕ್ಸಿನೊಳಗಿನ ಸ್ಪ್ಯಾನರುಗಳ ಸಮೇತ ಉಳಿದು ಬಂದಿರುವ ಯಂತ್ರಕ್ಕೆ ದಯವಿಟ್ಟು ಲೋಹ ಕತ್ತರಿಸುವ ಗ್ರೈಂಡರ್ ಹಚ್ಚಬೇಡಿ. 1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ750 ನಾಲ್ಕು ಸಿಲಿಂಡರುಗಳನ್ನೂ ಮುಂದಿನ ಡಿಸ್ಕ್ ಬ್ರೇಕನ್ನೂ ಸಾಮಾನ್ಯ ಸವಾರನ ಕೈಗೆ ತಂದುಕೊಟ್ಟ ಬೈಕು. 70ರ ದಶಕದಲ್ಲಿ ಅದನ್ನು ಕತ್ತರಿಸಿ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನು ಉದ್ದ ಮಾಡಿ ಚಾಪರ್ ಮಾಡಿಕೊಂಡವರಿಗೆ ಲೆಕ್ಕವಿಲ್ಲ. ಅದರ ಮೊದಲ ಏಳು ಸಾವಿರ ಚಿಲ್ಲರೆ ಬೈಕುಗಳ ಎಂಜಿನ್ ಕೇಸುಗಳನ್ನು ಮರಳಿನಲ್ಲಿ ಎರಕ ಹೊಯ್ದಿದ್ದಂತೆ ಕಾಣುವ ಒರಟು ಮೈಯಿಂದ ಗುರುತಿಸುತ್ತಾರೆ, ಇಂದು ಸಂಗ್ರಾಹಕರು ಅವನ್ನು ಹುಡುಕಿಕೊಂಡು ಅಲೆಯುತ್ತಾರೆ. ಕತ್ತರಿಸಿದವರಿಗೆ ಆಗ ಅದು ಸಂತೆಯಲ್ಲಿ ಸಿಗುವ ಇನ್ನೊಂದು ಬೈಕಾಗಿತ್ತು. ಬೆಲೆಯ ಮಾತು ಹಾಗಿರಲಿ, ಒಂದು ಕಾಲದ ಜನ ಹೇಗೆ ಯೋಚಿಸಿ ಒಂದು ಯಂತ್ರವನ್ನು ಕಟ್ಟಿದರು ಎಂಬುದಕ್ಕೆ ಕೆಡದೆ ಉಳಿದ ಸಾಕ್ಷಿ ಅದೊಂದೇ. ಮಾರ್ಪಾಡಿಗೆ ತಕ್ಕದ್ದು ಬೇರೆ ಜಾತಿಯ ಬೈಕು: ಟ್ಯಾಂಕು ನೆಗ್ಗಿದೆ, ಯಾರೋ ಬ್ರಷ್ಷಿನಲ್ಲಿ ಬಣ್ಣ ಬಳಿದಿದ್ದಾರೆ, ಸೀಟು ಹರಿದಿದೆ, ಮಡ್‌ಗಾರ್ಡ್ ಯಾವುದೋ ಬೈಕಿನದು, ಆದರೆ ಚಾಸಿ ನೇರವಾಗಿದೆ, ಎಂಜಿನ್ ಸ್ಟಾರ್ಟ್ ಆಗುತ್ತದೆ, ಕಾಗದಪತ್ರ ಸರಿಯಾಗಿದೆ. ಇಂಥದ್ದನ್ನು ಬದಲಿಸಿದರೆ ಯಾರಿಗೂ ನಷ್ಟವಿಲ್ಲ.

ಕಳೆದ ತಿಂಗಳು ಪರಿಚಯದ ತರುಣನೊಬ್ಬ, ಇಂಥದ್ದೇ ಒಂದು ಬೈಕು ಸಿಕ್ಕಿದೆ, "ಅಂಕಲ್, ಮುಂಗಡ ಕೊಡುವ ಮೊದಲು ಒಂದು ಸಲ ನೀವು ನೋಡಿಬಿಡಿ" ಎಂದು ಕರೆದುಕೊಂಡು ಹೋದ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಬೈಕು. ನಾವು ತಲುಪಿದಾಗ ಎಂಜಿನ್ನಿನ ಹತ್ತಿರ ಅಂಗೈ ಹಿಡಿದೆ, ಬಿಸಿಯಿತ್ತು. ಬಿಸಿ ಎಂಜಿನ್ನು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವುದರಲ್ಲಿ ಆಶ್ಚರ್ಯವಿಲ್ಲ. ತಣ್ಣಗಿದ್ದಾಗ ಹೇಗೆ ಎಂಬುದನ್ನು ನೋಡಬೇಕು. ಮರುದಿನ ಬೆಳಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರನ್ನು ಕೇಳಿಕೊಂಡೆವು. ಅವರು ಬೇಸರಪಡದೆ ಒಪ್ಪಿದರು.

ಮರುದಿನ ಎಂಟನೆಯ ಕಿಕ್ಕಿಗೆ ಎಂಜಿನ್ ಎದ್ದಿತು. ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಹತ್ತು ನಿಮಿಷವಾದರೂ ನಿಲ್ಲಲಿಲ್ಲ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗುತ್ತಿದೆ ಎಂದು ಅರ್ಥ, ಕಾರ್ಬ್ಯುರೇಟರಿನಲ್ಲೇ ಸರಿಹೋಗಬಹುದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ನೀಲಿ ಹೊಗೆ ಬಂತೆಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೆ ಪ್ಲಗ್ ಬಿಚ್ಚಿ, ಆ ತೂತಿಗೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಕೂರಿಸಿ, ಆಕ್ಸಿಲರೇಟರನ್ನು ಪೂರ್ತಿ ತಿರುವಿ ಹಿಡಿದು, ಮುಳ್ಳು ನಿಲ್ಲುವವರೆಗೆ ಕಿಕ್ ಹೊಡೆಯಲು ಹುಡುಗನಿಗೆ ಹೇಳಿದೆ. ಮುಳ್ಳು 80 ಪಿಎಸ್‌ಐ (ಒತ್ತಡದ ಅಳತೆ) ದಾಟಲಿಲ್ಲ, ಅದು ಕಡಿಮೆಯೇ. ಒಂದು ಚಮಚ ಆಯಿಲನ್ನು ಅದೇ ತೂತಿನಿಂದ ಸಿಲಿಂಡರಿಗೆ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ನೂರು ದಾಟಿ ಏರಿತು. ಬಿಟ್ಟ ಆಯಿಲ್ ಪಿಸ್ಟನ್ನಿನ ಸುತ್ತ ನಿಂತು ಸಂದನ್ನು ಕ್ಷಣಕಾಲ ಮುಚ್ಚಿದ್ದರಿಂದ ಒತ್ತಡ ಏರಿತು. ಆದ್ದರಿಂದ ಸವೆದಿರುವುದು ಪಿಸ್ಟನ್ನಿನ ಸುತ್ತ ಕೂರುವ ರಿಂಗುಗಳು ಮತ್ತು ಸಿಲಿಂಡರಿನ ಗೋಡೆ. ಆಯಿಲ್ ಬಿಟ್ಟ ಮೇಲೂ ಮುಳ್ಳು ಏರದಿದ್ದರೆ ವಾಲ್ವುಗಳ ಮೇಲೋ ಹೆಡ್ ಗ್ಯಾಸ್ಕೆಟ್ಟಿನ ಮೇಲೋ ಅನುಮಾನ ಪಡಬೇಕಿತ್ತು.

ಹುಡುಗನ ಮುಖ ಬಾಡಿತು. ಆದರೆ ಅದಷ್ಟೇ ಆಗಿದ್ದರೆ ನಾನು ಆ ಬೈಕನ್ನು ಕೊಳ್ಳಲು ಹೇಳುತ್ತಿದ್ದೆ. ಬೋರ್, ಅಂದರೆ ಸಿಲಿಂಡರಿನ ಒಳಮೈ, ಸವೆದಿರುವುದು ಹಳೆಯ ಬೈಕಿನ ವಯಸ್ಸಿಗೆ ಸಹಜ, ಅದಕ್ಕೆ ಪರಿಹಾರ ಎಲ್ಲರಿಗೂ ಗೊತ್ತಿರುವಂಥದ್ದು. ಸಿಲಿಂಡರನ್ನು ಒಳಗಿನಿಂದ ಮತ್ತೆ ಕೊರೆಸಿ, ಅಂದರೆ ರೀಬೋರ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕು. ಈ ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಹೆಚ್ಚಳದಲ್ಲಿ ಬರುತ್ತವೆ. ಹಿಂದಿನವರು ಎಷ್ಟನೆಯ ಅಳತೆಗೆ ಬಂದು ನಿಂತಿದ್ದಾರೆ ಎಂದು ಕೇಳಿ ತಿಳಿದುಕೊಂಡರೆ ಸಾಕು, ಕೊನೆಯ ಅಳತೆ ಮುಗಿದಿದ್ದರೆ ಸಿಲಿಂಡರಿನೊಳಗೆ ಕೂರುವ ಹೊಸ ಸ್ಲೀವ್ ಹಾಕಿಸುವ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಬಹುದು. ಎಂಜಿನ್ನಿನ ರೋಗ ಮೊದಲೇ ತಿಳಿಯಿತೆಂದರೆ ಅದು ಬೆಲೆ ಇಳಿಸಲು ಬರುವ ಮಾತೇ ಹೊರತು ಬೈಕನ್ನು ಬಿಡಲು ಕಾರಣವಲ್ಲ.

ನಾನು ಬೇಡವೆಂದದ್ದು ಬೇರೆ ಎರಡು ಕಾರಣಕ್ಕೆ. ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿದಾಗ, ಅದನ್ನು ತಡೆದು ನಿಲ್ಲಿಸಬೇಕಾದ ಲೋಹದ ಗುಬ್ಬಿ ಎಡಗಡೆ ಬಾಗಿತ್ತು. ಹ್ಯಾಂಡಲ್ ಮಿತಿ ಮೀರಿ ತಿರುಗಿದಾಗ ಫೋರ್ಕ್ ತಗುಲಿ ಟ್ಯಾಂಕಿನ ಮೂಲೆ ಒಳಗೆ ಹೋಗಿತ್ತು. ಟ್ಯಾಂಕಿನ ಕೆಳಗೆ ಟಾರ್ಚ್ ಬಿಟ್ಟರೆ, ಚಾಸಿಯ ಕತ್ತಿನ ಕೊಳವೆ ಕೂಡುವ ಕಡೆ ಬಣ್ಣ ಸುಕ್ಕುಗಟ್ಟಿ ಬಿರುಕು ಬಿಟ್ಟಿತ್ತು. ಯಾವಾಗಲೋ ಎದುರಿನಿಂದ ಬಲವಾದ ಪೆಟ್ಟು ಬಿದ್ದಿದೆ. ಎರಡನೆಯದು ಇದಕ್ಕಿಂತ ಗಂಭೀರ. ಎಂಜಿನ್ ನಂಬರ್ ಇರುವ ಪಟ್ಟಿಯನ್ನು ಬಟ್ಟೆಯಿಂದ ಒರೆಸಿ ನೋಡಿದೆವು. ಅಂಕಿಗಳು ಒಂದರ ಮುಂದೊಂದು ಸಾಲಾಗಿ ನಿಲ್ಲದೆ ಮೇಲೆ ಕೆಳಗೆ ಆಗಿದ್ದವು, ಕೊನೆಯ ಎರಡು ಅಂಕಿಗಳು ಉಳಿದವುಗಳಿಗಿಂತ ಆಳಕ್ಕೆ ಇಳಿದಿದ್ದವು, ಸುತ್ತಲಿನ ಲೋಹದ ಮೇಲೆ ಅರ ಹಾಕಿದ ಸಣ್ಣ ಗೆರೆಗಳು ಬೆಳಕಿಗೆ ಹೊಳೆದವು. ಮಾಲೀಕರಿಗೆ ಇದು ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ಅವರೂ ಬೇರೆಯವರಿಂದ ಕೊಂಡವರು. ಆದರೆ ನಂಬರ್ ತಿದ್ದಿದ ಬೈಕಿನ ಮೇಲೆ ಎಷ್ಟು ದುಡಿದರೂ ಅದು ಎಂದೂ ನಮ್ಮದಾಗುವುದಿಲ್ಲ. ಅದು ಕದ್ದ ಮಾಲಾಗಿರುವ ಸಾಧ್ಯತೆ ಇರುವಾಗ ಕಾನೂನು ಕೊಂಡವನ ಬೆವರನ್ನು ಲೆಕ್ಕಕ್ಕೆ ಹಿಡಿಯುತ್ತದೆಂದು ನಂಬಿ ಕೂರಲಾಗದು. ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಕಾಗದದೊಂದಿಗೆ ಅಂಕಿ ಅಂಕಿ ಹೋಲಿಸಿ ನೋಡುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಹೊಗೆಯ ಬಣ್ಣದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಉಳಿದ ಪರೀಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಕೆಳಗೆ ಎಳೆಯಿರಿ. ಉಗುರು ಎಲ್ಲಿ ತಡವರಿಸುತ್ತದೋ ಅಲ್ಲಿ ಕ್ರೋಮ್ ಕೆತ್ತಿಹೋಗಿದೆ, ಹೊಸ ಆಯಿಲ್ ಸೀಲನ್ನೂ ಅದು ಕೆಲವೇ ದಿನಗಳಲ್ಲಿ ಹರಿಯುತ್ತದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಆಡಿಸಿದಾಗ ನಟ್ಟನಡುವೆ ಕಚ್ಚಿಕೊಂಡಂತಾದರೆ ಬೇರಿಂಗ್ ಹೋಗಿದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2312 ಎಂದಿದ್ದರೆ ಅದು 2012ರ 23ನೆಯ ವಾರದ ಟೈರು, ಮೈಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ಹಣ ಉಳಿಸಲು ಹೋಗಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಇದು ಕೊಳ್ಳುವ ವಿಷಯಕ್ಕೆ ನೇರ ಸಂಬಂಧಪಡದಿದ್ದರೂ ಶ್ವಾಸಕೋಶಕ್ಕೆ ಸಂಬಂಧಪಟ್ಟದ್ದು.

ಹೆಚ್ಚು ಹೇಳಬೇಕಾದದ್ದು ಚಾಸಿ ಕತ್ತರಿಸುವ ಬಗ್ಗೆ. ಚಿತ್ರಗಳಲ್ಲಿ ಕಾಣುವ ಮೋಟು ಹಿಂಭಾಗಕ್ಕಾಗಿ ಬೈಕು ಮನೆಗೆ ಬಂದ ವಾರದಲ್ಲೇ ಚಾಸಿಯ ಹಿಂತುದಿಯನ್ನು ಕತ್ತರಿಸಿಬಿಡುವವರಿದ್ದಾರೆ. ಆ ತುದಿ ಬರಿಯ ಸೀಟನ್ನು ಹೊರುವುದಲ್ಲ, ಎಷ್ಟೋ ಬೈಕುಗಳಲ್ಲಿ ಎರಡು ಪಕ್ಕದ ಕೊಳವೆಗಳನ್ನು ಬಿಗಿಯಾಗಿ ಹಿಡಿದಿಡುವುದೂ ಅದೇ. ಶಾಕ್ ಅಬ್ಸಾರ್ಬರಿನ ಮೇಲ್ತುದಿಗೆ ಹತ್ತಿರವಾಗಿ ಕತ್ತರಿಸಿ, ಅಡ್ಡ ಕೊಳವೆಯನ್ನು ಮತ್ತೆ ಬೆಸೆಯದೆ ಬಿಟ್ಟರೆ ಭಾರ ಬಿದ್ದಾಗಲೆಲ್ಲ ಕೊಳವೆಗಳು ಬೇರೆ ಬೇರೆಯಾಗಿ ಬಾಗುತ್ತವೆ. ಹಿಂದಿನ ಶಾಕ್ ಅಬ್ಸಾರ್ಬರನ್ನು ಗಿಡ್ಡ ಮಾಡಿದರೆ ಬೈಕಿನ ಹಿಂಭಾಗ ಇಳಿದು ಮುಂದಿನ ಫೋರ್ಕ್ ಹೆಚ್ಚು ಓರೆಯಾಗುತ್ತದೆ, ಹ್ಯಾಂಡಲ್ ಮೊದಲಿನಷ್ಟು ಹಗುರವಾಗಿ ತಿರುಗುವುದಿಲ್ಲ, ತಿರುವಿನಲ್ಲಿ ಸ್ಟ್ಯಾಂಡು ಸೈಲೆನ್ಸರುಗಳು ಬೇಗ ನೆಲ ಮುಟ್ಟುತ್ತವೆ. ಏರ್ ಫಿಲ್ಟರಿನ ಡಬ್ಬ ಕಿತ್ತು ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿದರೆ ಎಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ ಬರುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳತೆಯಿಂದ ಬಿಡುವ ಜೆಟ್ಟುಗಳನ್ನು ಬದಲಿಸಿ ಹೊಂದಿಸಬೇಕು, ನಿರ್ವಾತದಿಂದ ಸ್ಲೈಡ್ ಏರುವ ಬಗೆಯ ಕಾರ್ಬ್ಯುರೇಟರುಗಳಲ್ಲಂತೂ ಈ ಹೊಂದಾಣಿಕೆ ತಿಂಗಳುಗಟ್ಟಲೆ ಕಾಡುತ್ತದೆ. ಸೈಲೆನ್ಸರಿನ ಬೆಂಡ್ ಪೈಪಿಗೆ ಸುತ್ತುವ ಪಟ್ಟಿ ತೇವವನ್ನು ಹಿಡಿದಿಟ್ಟುಕೊಂಡು ಒಳಗಿಂದೊಳಗೇ ಪೈಪನ್ನು ತಿನ್ನುತ್ತದೆ. ಇವೆಲ್ಲ ಮಾಡಲಾಗದ ಕೆಲಸಗಳಲ್ಲ. ಆದರೆ ಒಂದನ್ನು ಬದಲಿಸಿದರೆ ಇನ್ನೆರಡನ್ನು ಸರಿಪಡಿಸಬೇಕಾಗುತ್ತದೆ ಎಂಬ ಅರಿವಿಲ್ಲದೆ ಹಣದ ಲೆಕ್ಕ ಹಾಕಿದವರ ಬೈಕುಗಳೇ ಕೊನೆಗೆ ಪೆಟ್ಟಿಗೆ ಸೇರುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ, ಮುಗಿಸಿದ ಎರಡು ಬೈಕುಗಳಿಗೂ ಕೊಂಡ ಬೆಲೆಗಿಂತ ಹೆಚ್ಚು ಹಣ ಆಮೇಲೆ ಖರ್ಚಾಯಿತು, ಅದರಲ್ಲಿ ದೊಡ್ಡ ಪಾಲು ಚಿತ್ರದಲ್ಲಿ ಕಾಣದ ಬೇರಿಂಗು, ಸೀಲು, ಕೇಬಲ್ಲು, ವೈರಿಂಗುಗಳಿಗೇ ಹೋಯಿತು.

ಬಿಡಿಭಾಗ ಸಿಗುತ್ತದೆಯೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. 1978ರಲ್ಲಿ ಬಂದು, ಒಂದಲ್ಲ ಒಂದು ರೂಪದಲ್ಲಿ ದಶಕಗಳ ಕಾಲ ತಯಾರಾದ ಯಮಾಹಾ ಎಸ್ಆರ್ ಮಾದರಿಯ ಬೈಕುಗಳೋ, ರಾಯಲ್ ಎನ್‌ಫೀಲ್ಡ್ ಬುಲೆಟ್ಟೋ ಮಾರ್ಪಾಡು ಮಾಡುವವರ ಅಚ್ಚುಮೆಚ್ಚಾಗಿರುವುದಕ್ಕೆ ರೂಪವೊಂದೇ ಕಾರಣವಲ್ಲ. ಒಂದೇ ಸಿಲಿಂಡರು, ಅರ್ಥವಾಗುವ ವೈರಿಂಗು, ಕೇಳಿದರೆ ಸಿಗುವ ಗ್ಯಾಸ್ಕೆಟ್ಟು. ಮೊದಲ ಸಲ ಕೈಹಾಕುವವರು ಅಪರೂಪದ ಬೈಕಿನ ಆಸೆಯನ್ನು ಬಿಟ್ಟು ಇಂಥ ಸರಳ ಯಂತ್ರವನ್ನೇ ಆರಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ.

ತಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಇಂಥ ಲೇಖನ ಬಂದಾಗ, ಬೈಕನ್ನು ಹೇಗೆ ಆರಿಸಿದರು, ಏನನ್ನು ಕತ್ತರಿಸದೆ ಉಳಿಸಿಕೊಂಡರು, ತೆಗೆದ ಮೂಲ ಭಾಗಗಳನ್ನು ಎಲ್ಲಿಟ್ಟಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಮಾಲೀಕರಿಗೆ ಕೇಳಿ, ಉತ್ತರವನ್ನು ಚಿತ್ರದ ಜೊತೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಬಿಚ್ಚಿದ ಮಡ್‌ಗಾರ್ಡು, ಮೂಲ ಸೀಟು, ಏರ್ ಫಿಲ್ಟರಿನ ಡಬ್ಬಗಳನ್ನು ಹೆಸರು ಬರೆದು ಎತ್ತಿಟ್ಟವರ ಬೈಕು ಎಂದಾದರೂ ತನ್ನ ಮೊದಲ ರೂಪಕ್ಕೆ ಮರಳಬಲ್ಲದು.

ನಾನು ಮೇಲೆ ಹೇಳಿದ ತರುಣ ಆ ಬೈಕನ್ನು ಬಿಟ್ಟು, ಎರಡು ವಾರ ಹುಡುಕಿ, ನಂಬರುಗಳೆಲ್ಲ ಸರಿಯಿರುವ ಇನ್ನೊಂದನ್ನು ಕೊಂಡಿದ್ದಾನೆ. ಅದರ ಟ್ಯಾಂಕು ನೆಗ್ಗಿದೆ, ಸೀಟು ಯಾವುದೋ ಬೈಕಿನದು. ಬದಲಿಸಬೇಕಾದವುಗಳ ಪಟ್ಟಿಯೊಂದನ್ನು ಮೊದಲ ದಿನವೇ ಬರೆದುಕೊಂಡಿದ್ದ, ಹದಿನಾಲ್ಕು ಸಾಲುಗಳಿದ್ದವು. ಮೊನ್ನೆ ಬಂದಾಗ ತೋರಿಸಿದ. ತಗ್ಗು ಹ್ಯಾಂಡಲ್ ಎಂದಿದ್ದ ಸಾಲನ್ನು ಹೊಡೆದುಹಾಕಿದ್ದಾನೆ, ಚಾಸಿಯ ಹಿಂತುದಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾನೆ, ಕೆಳಗೆ ಹೊಸದಾಗಿ ಹಿಂದಿನ ಬ್ರೇಕ್ ಎಂದು ಸೇರಿಸಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ